ಒಲೆಯಿಂದ ಇಳಿದ ಮೇಲೆ

“ಹೇಲೋದಕ್ಕೂ ಗಳಿಗೆ ನೋಡ್ತಾ ನಿಂತಿದ್ದೀರೇನ್ರೇ ಮುಂಡೇರಾ? ಹಿಡೀರಿ ಡಬ್ಬಿ, ನಡೀರಿ!”

ಹಾಸ್ಟೆಲ್ ಮ್ಯಾನೇಜರನ ಗಂಟಲಿಗೆ ಊಟದ ಹಾಲಿನಲ್ಲಿದ್ದ ಹುಡುಗಿಯರೆಲ್ಲ ತಿರುಗಿ ನೋಡಿದರು. ನರ್ಸ್ ತರಬೇತಿಗೆ ಬಂದ ಹುಡುಗಿಯರು. ಅಡುಗೆಮನೆಯ ಹೆಂಗಸರು ತಮ್ಮ ಹೆಸರು ಅಂಟಿಸಿದ ಪ್ಲಾಸ್ಟಿಕ್ ಡಬ್ಬಿ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕಕ್ಕಸಿಗೆ ಹೋಗಬೇಕಾದರೆ ಆ ಊಟದ ಹಾಲನ್ನು ದಾಟಿಯೇ ಹೋಗಬೇಕು, ದಾಟಿಯೇ ಬರಬೇಕು. ಮೊದಲನೆಯವಳು ತುಂಬಿದ ಡಬ್ಬಿ ಹಿಡಿದು ತಲೆ ತಗ್ಗಿಸಿ ಬರುವಾಗ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡು ತಟ್ಟೆ ಎತ್ತಿಕೊಂಡು ಆಚೆ ಹೋದಳು.

ಹಾಸ್ಟೆಲಿನಲ್ಲಿ ಟೈಫಾಯ್ಡ್ ಹಬ್ಬಿತ್ತು. ಮಲಗಿದವರಲ್ಲಿ ಒಬ್ಬಳಿಗೆ ಕರುಳು ತೂತಾಗಿ ಆಪರೇಷನ್ ಆಗಿತ್ತು. ತನಗೇನೂ ಆಗದೆ, ರೋಗದ ಬೀಜವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವವರು ಅಡುಗೆಮನೆಯಲ್ಲಿ ಯಾರೋ ಇದ್ದಾರೆ ಎಂಬ ಅನುಮಾನದಿಂದ ಸರ್ಕಾರಿ ಪ್ರಯೋಗಾಲಯದ ಡಾಕ್ಟರಮ್ಮ ಬಂದಿದ್ದಳು. ಅವಳು ನಾಡಿ ಹಿಡಿಯುವ ಡಾಕ್ಟರಲ್ಲ, ರೋಗಾಣು ಬೆಳೆಸಿ ಯಾವುದೆಂದು ಪತ್ತೆ ಹಚ್ಚುವವಳು.

“ಅಕ್ಕಾ, ಈ ಡಾಕ್ಟ್ರಮ್ಮ ಅಲ್ಲಿ ಹೋಗಿ ನನ್ ಡಬ್ಬೀಲಿ ಏನ್ ಬೆರೆಸ್ತಾರೋ ಯಾರು ಕಂಡೋರು?” ಸಣ್ಣಿ ಪಿಸುಗುಟ್ಟಿದಳು.

“ಬಾಯ್ಮುಚ್ಚು,” ಎಂದಳು ದೊಡ್ಡಕ್ಕ. ಅವಳ ತಲೆಯಲ್ಲೂ ಅದೇ ಅನುಮಾನದ ಹುಳ ಕೊರೆಯುತ್ತಿತ್ತು.

ಇಬ್ಬರೂ ವಾರಗಿತ್ತಿಯರು, ಒಂದೇ ಮನೆಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡವರು. ದೊಡ್ಡಕ್ಕ ಪಾತ್ರೆ ತಿಕ್ಕುವವಳು, ಸಣ್ಣಿ ತರಕಾರಿ ಹೆಚ್ಚುವವಳು.

ಡಾಕ್ಟರಮ್ಮ ಉಳಿದ ಒಂದು ಡಬ್ಬಿಯನ್ನು ಮ್ಯಾನೇಜರನ ಕಡೆ ಚಾಚಿದಳು. “ಅಡುಗೆಮನೆಗೆ ಬಂದುಹೋಗೋರದ್ದೆಲ್ಲ ಬೇಕು. ನಿಮ್ದೂ.”

“ನಂದಾ?” ಅವನು ಹೊಟ್ಟೆ ಕುಣಿಸಿ ನಕ್ಕ. “ತಮಾಷೆ ಮಾಡ್ತೀರಾ ಮೇಡಂ? ನಾನು ದಿನಾ ಸೋಪ್ ಹಚ್ಚಿ ಸ್ನಾನ ಮಾಡೋನು. ಗಲೀಜು ಇರೋದು ಅಲ್ಲಿ, ಗೋಡೆ ಪಕ್ಕ.”

ಡಾಕ್ಟರಮ್ಮ ಖಾಲಿ ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡಳು. ಅದನ್ನು ದೊಡ್ಡಕ್ಕ ನೋಡಿದಳು.

ಡಾಕ್ಟರಮ್ಮನ ಜೀಪು ಹೊರಟ ಮೇಲೆ ಮ್ಯಾನೇಜರ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. “ಹೋದ ವರ್ಷ ಜ್ವರ ಅಂತ ವಾರಗಟ್ಟಲೆ ಮಲಗಿದ್ದೋಳು ಯಾರ್ರೇ?”

ಎಲ್ಲರ ಕಣ್ಣುಗಳೂ ಸಣ್ಣಿಯ ಕಡೆ ಹೊರಳಿದವು. ಅವನಿಗೆ ಅಷ್ಟೇ ಸಾಕಾಯಿತು.

ಅಂದಿನಿಂದ ಸಣ್ಣಿ ಹಿಂದುಗಡೆಯ ಮೂಟೆಕೋಣೆಯಲ್ಲಿ ಕೂತು ಹರಿದ ಚೀಲ ಹೊಲಿಯಬೇಕಾಯಿತು. ಹೆಂಗಸರು ಅವಳು ಮುಟ್ಟಿದ ಈಳಿಗೆಯನ್ನು ಕುದಿನೀರಿನಲ್ಲಿ ತೊಳೆದರು. ಅವಳು ನೀರು ಕುಡಿದ ಲೋಟ ಬೇರೆಯಾಯಿತು. ಮನೆಯಲ್ಲಿ ದೊಡ್ಡಕ್ಕನ ಮಗಳು ಚಿಕ್ಕಮ್ಮನ ತೊಡೆ ಏರಲು ಹೋದಾಗ ದೊಡ್ಡಕ್ಕ ಅವಳನ್ನು ರೆಟ್ಟೆ ಹಿಡಿದು ಎಳೆದುಕೊಂಡಳು. ಸಣ್ಣಿ ತನ್ನ ಎರಡೂ ಕೈಗಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಅಕ್ಕಾ, ನನ್ನೊಳಗೇ ಇದ್ದಿರಬಹುದಾ?”

“ನಂಗೇನೇ ಗೊತ್ತು.”

ಒಂದು ಬೆಳಿಗ್ಗೆ ಮ್ಯಾನೇಜರ್ ದೊಡ್ಡಕ್ಕನನ್ನು ಕರೆದ. “ರಿಪೋರ್ಟ್ ಬಂತು. ನಿನ್ ವಾರಗಿತ್ತೀದೇ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ ಅನ್ನು. ಪೊಲೀಸಿಗೆ ಕೊಡದೆ ಬಿಟ್ಟಿದ್ದೀನಲ್ಲ, ಅದಕ್ಕೆ ಬಂದು ಕಾಲಿಗೆ ಬೀಳ್ಲಿ.”

ಬೈಯುವಾಗ ಮುಖಕ್ಕೆ ಮುಖ ಕೊಟ್ಟು ಬೈಯುವ ಮನುಷ್ಯ. ಇದನ್ನು ಹೇಳುವಾಗ ಮಾತ್ರ ಕಿಟಕಿಯಾಚೆ ನೋಡುತ್ತಿದ್ದ. ದೊಡ್ಡಕ್ಕ ಹಂಡೆಗಳನ್ನು ತಿಕ್ಕದೆ ಹಾಗೇ ಬಿಟ್ಟು ಹಿತ್ತಿಲ ಗೇಟಿನಿಂದ ಹೊರಬಿದ್ದಳು.

ಪ್ರಯೋಗಾಲಯದ ಬಾಗಿಲಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ. “ಎಲ್ಲಿಗೆ? ಆಸ್ಪತ್ರೆ ಆ ಕಡೆ.”

“ನಂದೊಂದು ಸಾಮಾನು ಒಳಗಿದೆ.”

“ಏನ್ ಸಾಮಾನು?”

“ಹೇಲು.”

ಅವನು ತಡೆಯಲಾರದೆ ನಕ್ಕ. ನಗುತ್ತಲೇ ಕೋಲು ಇಳಿಸಿದ.

ಒಳಗೆ ಮಾಂಸ ಬೇಯಿಸಿದಂಥ ವಾಸನೆ, ಅದರ ಮೇಲೆ ಫಿನಾಯಿಲ್ ವಾಸನೆ. ಡಾಕ್ಟರಮ್ಮ ಕೈಗವಸು ಹಾಕಿಕೊಂಡು, ರೋಗಾಣು ಎತ್ತುವ ಸಣ್ಣ ತಂತಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸುತ್ತಿದ್ದಳು. ದೊಡ್ಡಕ್ಕನನ್ನು ಕಂಡು, “ನೀವು ಹಾಸ್ಟೆಲಿನವರಲ್ವಾ? ಬನ್ನಿ,” ಎಂದಳು.

ಆ ‘ನೀವು’ ಕೇಳಿದ್ದೇ ದೊಡ್ಡಕ್ಕನಿಗೆ ಮತ್ತಷ್ಟು ಅನುಮಾನವಾಯಿತು. ಇಷ್ಟು ಮರ್ಯಾದೆ ಕೊಡುತ್ತಾಳೆಂದರೆ ಇವಳು ಏನನ್ನೋ ಮುಚ್ಚಿಡುತ್ತಿದ್ದಾಳೆ.

“ನನ್ ವಾರಗಿತ್ತಿ ಹೊಟ್ಟೇಲಿ ರೋಗ ಇದೆ ಅಂತ ಬರೆದ್ರಂತೆ. ಎಲ್ಲಿ, ತೋರಿಸಿ. ಬಾಯ್ಮಾತು ನಾ ನಂಬಲ್ಲ.”

ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. “ಯಾರ್ ಹೇಳಿದ್ದು? ನಿಮ್ ಯಾರದ್ರಲ್ಲೂ ಸಿಕ್ಕಿಲ್ಲ ಅಂತ ಕಳಿಸಿದ್ದೀನಿ.”

ಬೆಚ್ಚಗಿನ ಕಪಾಟು ತೆರೆದು ಅಂಗೈಯಗಲದ ಮುಚ್ಚಳದ ತಟ್ಟೆಗಳನ್ನು ತಂದಿಟ್ಟಳು. ಒಳಗೆ ಕೆಂಪಗೆ ಹೆಪ್ಪುಗಟ್ಟಿದ ಏನೋ ಇತ್ತು. ಒಂದರಲ್ಲಿ ಕಪ್ಪು ಕಣ್ಣಿನಂಥ ಚುಕ್ಕೆಗಳು ಎದ್ದಿದ್ದವು. “ಇದು ಕಾಯಿಲೆ ಬಿದ್ದ ಹುಡುಗೀದು. ಆ ಕಪ್ಪು ಕಾಣ್ತಿದೆಯಲ್ಲ, ಅದು. ಇದು ನಿಮ್ ವಾರಗಿತ್ತೀದು. ಬರೀ ಹಳದಿ. ಅದು ಎಲ್ಲರ ಹೊಟ್ಟೇಲೂ ಇರುತ್ತೆ, ನನ್ನ ಹೊಟ್ಟೇಲೂ.”

“ಹಾಗಾದ್ರೆ ಅವಳದ್ದಲ್ಲ.”

“ಈ ಸಲ ಕಂಡಿಲ್ಲ. ರೋಗಾಣು ಒಂದು ದಿನ ಹೊರಬೀಳುತ್ತೆ, ಒಂದು ದಿನ ಬೀಳಲ್ಲ. ಇನ್ನೂ ಎರಡು ಸಲ ನೋಡ್ಬೇಕು. ಸುಳ್ಳು ಹೇಳಲ್ಲ ನಾನು.” ಡಾಕ್ಟರಮ್ಮ ತಟ್ಟೆ ಮುಚ್ಚಿದಳು. “ಬೇಯೋವಾಗ ಇದು ಸತ್ತುಹೋಗುತ್ತೆ. ತರಕಾರಿ ಹೆಚ್ಚಿದೋರಿಗಿಂತ, ಒಲೆಯಿಂದ ಇಳಿದ ಮೇಲೆ ಯಾರು ಮುಟ್ತಾರೆ ಅನ್ನೋದು ಮುಖ್ಯ. ಯಾರ್ ಮುಟ್ತಾರೆ?”

“ಅವನೇ. ಮ್ಯಾನೇಜರ್. ದಿನಾ ಹಂಡೆಗೆ ಕೈ ಹಾಕಿ ರುಚಿ ನೋಡ್ತಾನೆ. ಅವನದ್ದು ಯಾಕ್ ತರ್ಲಿಲ್ಲ ನೀವು?”

“ಕೇಳ್ದೆ. ಅವರು ಕೊಡಲ್ಲ ಅಂದ್ರು. ಮೇಲಿನವರಿಗೆ ಹೇಳ್ದೆ, ಈಗ ಅದೆಲ್ಲ ಬೇಡ ಅಂದ್ರು. ಅವರ ಅಪ್ಪಣೆ ಇಲ್ದೆ...”

“ನಮ್ ಹೇಲಿಗೆ ಯಾರ್ ಅಪ್ಪಣೆ ಬೇಕಿತ್ತು, ಡಾಕ್ಟ್ರಮ್ಮ?”

ತಂತಿ ಆಗಲೇ ಆರಿತ್ತು. ಡಾಕ್ಟರಮ್ಮ ಅದನ್ನು ಮತ್ತೆ ಉರಿಗೆ ಹಿಡಿದಳು.

ದೊಡ್ಡಕ್ಕ ವಾಪಸು ಬರುವ ಹೊತ್ತಿಗೆ ಊಟದ ಗಂಟೆ ಹೊಡೆದಿತ್ತು. ಹುಡುಗಿಯರು ತಟ್ಟೆ ಹಿಡಿದು ಸಾಲುಗಟ್ಟಿದ್ದರು. ಅವಳು ನೇರ ಮೂಟೆಕೋಣೆಗೆ ಹೋದಳು.

“ಏಳೇ. ಒಳಗ್ ಬಾ.”

“ನಂದಲ್ವಾ ಅಕ್ಕಾ?” ಸಣ್ಣಿಯ ಕೈಯಿಂದ ಸೂಜಿ ಜಾರಿತು.

“ನಿಂದಲ್ಲ ಅಂತ ನಂಗೊತ್ತಿಲ್ಲ. ನಿಂದೇ ಅಂತ ಆ ಬೋಳಿಮಗನಿಗೂ ಗೊತ್ತಿಲ್ಲ. ಇನ್ನೂ ನೋಡ್ಬೇಕಂತೆ. ಎಲ್ಲರದ್ದೂ ನೋಡ್ಲಿ. ಅಲ್ಲೀತನಕ ಏನನ್ನೂ ಮುಟ್ಬೇಡ, ಆದ್ರೆ ನನ್ ಪಕ್ಕ ನಿಂತ್ಕೋ.”

ಬೆಂದ ತರಕಾರಿಯ ಹಂಡೆ ಒಲೆಯಿಂದ ಇಳಿದು ಕಟ್ಟೆಯ ಮೇಲೆ ಆರಿ ಉಗುರುಬೆಚ್ಚಗಾಗಿತ್ತು. ಮ್ಯಾನೇಜರ್ ಬಂದವನೇ ಅಂಗಿಯ ತೋಳು ಮಡಚಿ ಹಂಡೆಗೆ ಕೈ ಚಾಚಿದ.

“ಕೈ ತೆಗಿ,” ಎಂದಳು ದೊಡ್ಡಕ್ಕ.

“ಏನಂದೆ?”

“ಡಾಕ್ಟ್ರಮ್ಮನ ಹತ್ರ ಹೋಗ್ಬಂದೆ. ಇವಳದ್ದು ಅಂತ ಅವರು ಬರೆದೇ ಇಲ್ಲ. ನಿನ್ ಡಬ್ಬಿ ಕೊಟ್ಟು ಆಮೇಲೆ ಹಂಡೆ ಮುಟ್ಟು.”

ಒಲೆಯ ಮುಂದಿದ್ದ ಹೆಂಗಸರು ಅಲ್ಲಲ್ಲೇ ನಿಂತರು. ಮ್ಯಾನೇಜರನ ಕಿವಿ ಕೆಂಪಾಯಿತು. “ಪಾತ್ರೆ ತಿಕ್ಕೋ ನಾಯಿ, ನಂಗೆ ‘ನೀನು’ ಅಂತೀಯಾ?” ಅವಳನ್ನು ಭುಜದಿಂದ ನೂಕಿದ. ಬೇಕೆಂದೇ ಮೊಣಕೈವರೆಗೆ ಕೈ ಇಳಿಸಿ ಒಂದು ಆಲೂಗಡ್ಡೆ ಎತ್ತಿ, ಅರ್ಧ ಕಚ್ಚಿ, ಉಳಿದರ್ಧವನ್ನು ಹಂಡೆಗೇ ಎಸೆದ. “ಬಡಿಸ್ರೇ.”

ಯಾರೂ ಸೌಟು ಎತ್ತಲಿಲ್ಲ. ಹಾಗೆಂದು ಯಾರೂ ಮುಂದೆಯೂ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದೊಡ್ಡಕ್ಕ ಹಂಡೆಯ ಒಂದು ಕಿವಿ ಹಿಡಿದಳು. ಅದು ಒಬ್ಬಳಿಂದ ಆಗುವ ಭಾರವಲ್ಲ. ಅವಳು ತಿರುಗಿ ನೋಡುವ ಮೊದಲೇ ಇನ್ನೊಂದು ಕಿವಿಗೆ ಒಲೆ ಉರಿಸುವ ಮುದುಕಿಯ ಕೈ ಬಿತ್ತು. ಈಳಿಗೆಯನ್ನು ಕುದಿನೀರಿನಲ್ಲಿ ತೊಳೆದವರಲ್ಲಿ ಅವಳೂ ಒಬ್ಬಳು. ಇಬ್ಬರೂ ಹಲ್ಲು ಕಚ್ಚಿ ಎಳೆದರು. ಹಂಡೆ ಮಗುಚಿ ಇಡೀ ತರಕಾರಿ ಚರಂಡಿಗೆ ಸುರಿಯಿತು.

“ಇವತ್ತು ಊಟ ಇಲ್ಲ,” ದೊಡ್ಡಕ್ಕ ಹಾಲಿಗೆ ಕೇಳಿಸುವಂತೆ ಕೂಗಿದಳು. “ಯಾಕಂತ ಇವನ್ನ ಕೇಳಿ. ನಾವೆಲ್ಲ ನಿಮ್ ಮುಂದೇನೇ ಡಬ್ಬಿ ಹಿಡ್ಕೊಂಡು ಹೋದ್ವಿ. ಇವನು ಯಾಕ್ ಹೋಗ್ಲಿಲ್ಲ ಅಂತ ಕೇಳಿ!”

ಮ್ಯಾನೇಜರ್ ಒದ್ದೆ ಕೈಯಲ್ಲೇ ಫೋನು ತೆಗೆದು ಪೊಲೀಸರ ಹೆಸರು ಹೇಳುತ್ತಾ ಹಿಂದೆ ಸರಿದ. ಹೆಂಗಸರು ಒಬ್ಬೊಬ್ಬರಾಗಿ ಬಂದು ಅಡುಗೆಮನೆಯ ಹೊಸಿಲ ಮೇಲೆ ಕೂತರು. ಸಣ್ಣಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೊನೆಯಲ್ಲಿ ಕೂತಳು.

ಹಾಲಿನಲ್ಲಿ ಯಾವಳೋ ಒಬ್ಬಳು ಚಮಚದಿಂದ ತಟ್ಟೆ ಬಡಿದಳು. ಇನ್ನೊಬ್ಬಳು ಬಡಿದಳು. ನೋಡನೋಡುತ್ತ ಹಾಲಿನಲ್ಲಿದ್ದವರೆಲ್ಲ ಬಡಿಯತೊಡಗಿದರು.

“ಯಾರ ಮೇಲೆ ಅಕ್ಕಾ ಇವರ ಸಿಟ್ಟು?” ಸಣ್ಣಿ ಕೇಳಿದಳು. “ಅವನ ಮೇಲಾ, ನಮ್ ಮೇಲಾ?”

ದೊಡ್ಡಕ್ಕ ಹುಡುಗಿಯರ ಮುಖಗಳನ್ನು ಒಂದೊಂದಾಗಿ ನೋಡಿದಳು. ತಿಳಿಯಲಿಲ್ಲ. ಸದ್ದು ಹತ್ತಿರವಾಗುತ್ತಿತ್ತು. ಯಾರೂ ಹೊಸಿಲು ಬಿಟ್ಟು ಏಳಲಿಲ್ಲ.