ಒಂದೂವರೆ ಇಂಚು

ಮರಗೆಲಸದ ಮೇಸ್ತ್ರಿಯವರ ಮನೆತನದಲ್ಲಿ ಯಾರೇ ಹೊಸದಾಗಿ ಸಂಸಾರ ಹೂಡಲಿ, ಇಬ್ಬರು ಮಲಗುವ ಮಂಚ ಮೇಸ್ತ್ರಿಯವರ ಕೈಯಿಂದಲೇ ಆಗಿ ಹೋಗಬೇಕು. ತಮ್ಮನಿಗೆ ಮಾಡಿಕೊಟ್ಟಿದ್ದರು, ಮಗಳಿಗೆ ಮಾಡಿಕೊಟ್ಟಿದ್ದರು. ಷಡ್ಡಕ ಎರಡನೇ ಸಲ ಮದುವೆಯಾದಾಗ ಮುಖ ಊದಿಸಿಕೊಂಡೇ ಅವನಿಗೂ ಮಾಡಿಕೊಟ್ಟು, "ಮಂಚದ್ದೇನು ತಪ್ಪು" ಎಂದಿದ್ದರು.

ಮಗ ಬೇರೆ ಮನೆ ಮಾಡುತ್ತೇನೆಂದಾಗ ಮಾತ್ರ ಇಕ್ಕಟ್ಟಿಗೆ ಬಂತು. ಅವನ ಜೊತೆಗಿರುವುದು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಎಂಟು ತಿಂಗಳ ಹಿಂದೆ ಊಟಕ್ಕೆ ಕೂತಾಗ ಮಗ ಮುಚ್ಚುಮರೆಯಿಲ್ಲದೆ ಹೇಳಿದ್ದ: ನಾನು ಹೆಣ್ಣನ್ನು ಮದುವೆಯಾಗುವವನಲ್ಲ, ನನ್ನ ಬಾಳುವೆ ಏನಿದ್ದರೂ ಅವನ ಜೊತೆ. ತಾಯಿ ಮೊದಲ ತಿಂಗಳು ಅತ್ತರು, ಎರಡನೇ ತಿಂಗಳು ಯಾರಾದರೂ ಡಾಕ್ಟರಿಗೆ ತೋರಿಸೋಣವೆಂದರು, ಐದನೆಯದರ ಹೊತ್ತಿಗೆ "ಅವನಿಗೆ ಅಡುಗೆನಾದ್ರೂ ಬರುತ್ತೇನೋ?" ಎನ್ನುವಲ್ಲಿಗೆ ಬಂದಿದ್ದರು. ತಂದೆ ಆ ದಿನ "ಉಪ್ಪು ಈ ಕಡೆ ಕೊಡು" ಎಂದವರು ಮತ್ತೆ ಆ ಮಾತೆತ್ತಿರಲಿಲ್ಲ. ಷಡ್ಡಕನಿಗೂ ಓರಗಿತ್ತಿಗೂ ಒಂದೊಂದು ಪದ ಎತ್ತಿಟ್ಟಿರುವ ಭಾಷೆ ಇಂಥವನಿಗೆ ಏನೂ ಇಟ್ಟಿರಲಿಲ್ಲವಾದ್ದರಿಂದ, ಹೇಳಲೇಬೇಕಾಗಿ ಬಂದಾಗ ‘ರೂಮ್‌ಮೇಟು’ ಎನ್ನುತ್ತಿದ್ದರು.

"ಮಂಚ ಮಾಡಲ್ವಾ?" ಹೆಂಡತಿ ಕೇಳಿದರು.

"ಮಾಡ್ತೀನಿ. ಎರಡು."

"ಎರಡ್ಯಾಕೆ?"

"ಜನ ಎಷ್ಟು?"

"ಇಬ್ರು."

"ಮತ್ತೆ?"



ಒಬ್ಬರೇ ಮಲಗುವಂಥ ಎರಡು ತೇಗದ ಮಂಚ. ಜೋಡಣೆ ಎಲ್ಲಿದೆಯೆಂದು ಬೆರಳಿಗೂ ಗೊತ್ತಾಗದಂಥ ಕೆಲಸ. ಆದರೆ ಕಾಲು ಕೊಯ್ಯುವ ದಿನ ಕೆಲಸದವರನ್ನೆಲ್ಲ ಮಧ್ಯಾಹ್ನವೇ ಮನೆಗೆ ಕಳಿಸಿ, ಒಂದು ಮಂಚವನ್ನು ಇನ್ನೊಂದಕ್ಕಿಂತ ಒಂದೂವರೆ ಇಂಚು ಎತ್ತರ ಮಾಡಿದರು. ಪಕ್ಕಪಕ್ಕಕ್ಕೆ ತಂದಿಟ್ಟರೂ ಎರಡು ಒಂದಾಗಬಾರದು. ಅಳತೆ ಬಹಳ ಕರಾರುವಾಕ್ಕಾಗಿತ್ತು. ಕೆಟ್ಟದ್ದನ್ನಾದರೂ ಅಚ್ಚುಕಟ್ಟಾಗಿಯೇ ಮಾಡುವ ಮನುಷ್ಯ.

ತಿಂಗಳ ನಂತರ ಹೆಂಡತಿ ಹಟ ಹಿಡಿದು ಅವರನ್ನು ಆ ಮನೆಗೆ ಎಳೆದುಕೊಂಡು ಹೋದರು. ಇದ್ದದ್ದು ಒಂದೇ ಮಲಗುವ ಕೋಣೆ. ಮಂಚಗಳೆರಡೂ ಕೂಡಿಕೊಂಡಿದ್ದವು, ಮೇಲೊಂದೇ ಹೊದಿಕೆ. ಗಿಡ್ಡ ಮಂಚದ ನಾಲ್ಕು ಕಾಲಿನಡಿಯೂ ವಕ್ರವಕ್ರವಾಗಿ ಕೊಯ್ದ ಮರದ ತುಂಡುಗಳು. ಮೇಸ್ತ್ರಿಯವರ ದೃಷ್ಟಿ ಅಲ್ಲೇ ನಿಂತದ್ದನ್ನು ಕಂಡು ಡ್ರಾಯಿಂಗ್ ಮೇಷ್ಟ್ರು ತಡವರಿಸಿದ.

"ಅದು, ಅಂಕಲ್, ಈ ಮನೆ ನೆಲಾನೇ ಸರಿಯಿಲ್ಲ. ಆ ಕಡೆ ತಗ್ಗು."

ಗೋಲಿ ಇಟ್ಟರೂ ಉರುಳದ ನೆಲ. ಅದು ಮೇಸ್ತ್ರಿಯವರಿಗೆ ಹೊಸ್ತಿಲು ದಾಟಿದಾಗಲೇ ಗೊತ್ತಾಗಿತ್ತು.

"ನೆಲ ಅಲ್ಲಪ್ಪ, ಇವರ ಕಣ್ಣು," ಎಂದರು ಹೆಂಡತಿ. ಅವರಿಗೆ ಅಷ್ಟೆಲ್ಲ ನಯನಾಜೂಕು ತಿಳಿಯದು. "ಕನ್ನಡಕ ಬದಲಾಯಿಸಿ ಅಂತ ಎಷ್ಟು ಬಡ್ಕೊಂಡೆ. ನನ್ನ ಮಾತು ಇವರ ಕಿವಿಗೆ ಬಿದ್ರೆ ತಾನೆ."

ಮೇಸ್ತ್ರಿಯವರ ಮುಂದೆ ಎರಡು ಅವಮಾನಗಳಿದ್ದವು: ಕೆಲಸ ಕೆಟ್ಟಿತೆನ್ನುವುದು, ಇಲ್ಲವೇ ಮನಸ್ಸು ಕೆಟ್ಟಿತ್ತೆನ್ನುವುದು. ನಲವತ್ತು ವರ್ಷದಲ್ಲಿ ಮೊದಲ ಸಲ ಕೆಲಸದ ಮಾನವನ್ನು ಬಿಟ್ಟುಕೊಟ್ಟರು.

"ಹೂಂ. ಈಚೆಗೆ ಸ್ವಲ್ಪ ಮಂಜು ಮಂಜು."

ಬಾಗಿಲಿಗೊರಗಿ ನಿಂತಿದ್ದ ಮಗ, "ಹಾಗಾದ್ರೆ ಶನಿವಾರ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ನಾನೇ ಬರ್ತೀನಿ," ಎಂದ.

ಶನಿವಾರ ಬರುವಷ್ಟರಲ್ಲಿ ಸುದ್ದಿ ಹೆಂಡತಿಯ ಬಾಯಿಂದ ಬೀದಿಗಿಳಿದಿತ್ತು. ಬಾಗಿಲು ಮಾಡಿಸಲು ಬಂದ ಗಿರಾಕಿಯೊಬ್ಬ ಮೇಸ್ತ್ರಿಯವರು ಅಳೆದದ್ದನ್ನು ತಾನೊಮ್ಮೆ ಅಳೆದು, "ಬೇಜಾರ್ ಮಾಡ್ಕೋಬೇಡಿ, ಕಣ್ಣು ಹೇಗಿದೆ ಈಗ?" ಎಂದ. ಮೇಸ್ತ್ರಿಯವರು ಟೇಪು ಸುತ್ತಿದರು.

ಡಾಕ್ಟರು ಕೈಗೊಂದು ರಟ್ಟು ಕೊಟ್ಟರು. ಸಾಲಿನಿಂದ ಸಾಲಿಗೆ ಅಕ್ಷರ ಚಿಕ್ಕದಾಗುತ್ತ ಹೋಗುವ ರಟ್ಟು. "ಹಳೇ ಕನ್ನಡಕದಲ್ಲೇ ಓದಿ. ಎಲ್ಲಿವರೆಗೆ ಆಗುತ್ತೋ ಅಲ್ಲಿವರೆಗೆ."

ಮೂರನೇ ಸಾಲಿಗೆ ನಿಲ್ಲಿಸಬೇಕೆಂದು ಮೇಸ್ತ್ರಿಯವರು ಬಸ್ಸಿನಲ್ಲೇ ತೀರ್ಮಾನಿಸಿದ್ದರು, ನಿಲ್ಲಿಸಿದರು. ಹೊಸ ಕನ್ನಡಕ ಬಂದರೆ ಎಲ್ಲ ಮುಚ್ಚಿಹೋಗುತ್ತದೆ.

"ಮುಂದೆ?"

ಪಕ್ಕದ ಸ್ಟೂಲಿನಲ್ಲಿದ್ದ ಮಗ ಮೆಲ್ಲಗೆ, "ಕಾಣದಿದ್ರೆ ಬಿಡಪ್ಪ, ಪರವಾಗಿಲ್ಲ," ಎಂದ.

ಹನ್ನೆರಡನೇ ವಯಸ್ಸಿನಿಂದ ಅಪ್ಪನ ಅಂಗಡಿಯಲ್ಲೇ ಪೆನ್ಸಿಲು ಹಿಡಿದು ನಿಂತವನು. ಅಪ್ಪನ ಕೈ ಎಷ್ಟು ತಪ್ಪಬಲ್ಲದು, ಎಷ್ಟು ತಪ್ಪಲಾರದು ಎಂದು ಅವನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಅಂಥವನು ‘ಪರವಾಗಿಲ್ಲ’ ಎಂದದ್ದು ಮೇಸ್ತ್ರಿಯವರಿಗೆ ಕೆನ್ನೆಗೆ ಹೊಡೆದಂತಾಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತೇನೋ.

ನಾಲ್ಕನೇ ಸಾಲು ಓದಿದರು. ಐದನೆಯದು, ಆರನೆಯದು. ಡಾಕ್ಟರು ಸಾಕೆಂದರೂ ನಿಲ್ಲಿಸದೆ, ತೀರ ಕೆಳಗೆ ಮೂಲೆಯಲ್ಲಿದ್ದ ಮುದ್ರಣಾಲಯದ ಹೆಸರು, ವಿಳಾಸ, ಫೋನ್ ನಂಬರನ್ನೂ ಒಪ್ಪಿಸಿ ರಟ್ಟು ಮೇಜಿನ ಮೇಲಿಟ್ಟರು.

"ಇದೇ ಕನ್ನಡಕ ಸರಿಯಾಗಿದೆಯಲ್ರೀ. ಕಣ್ಣು ಮಂಜು ಅಂತ ಯಾರು ಹೇಳಿದ್ದು?"

"ನಾನೇ."

ಹೊರಗೆ ಮೆಟ್ಟಿಲಿಳಿಯುತ್ತ ಮೇಸ್ತ್ರಿಯವರು ಕಂಬಿಯನ್ನು ಹಿಡಿದುಕೊಂಡರು.

"ಬೇಕಂತಲೇ ಮಾಡಿದ್ದು ಕಣೋ."

"ಗೊತ್ತು. ಟೆಂಪೋದಿಂದ ಇಳಿಸಿದಾಗಲೇ ಗೊತ್ತಾಯ್ತು."

"ಅವನಿಗೆ?"

"ಟೇಪು ಹಿಡಿದಿದ್ದೇ ಅವನು."

"ಮತ್ತೆ ನೆಲ ತಗ್ಗು ಅಂದ?"

"ನಿನ್ನ ಮುಖ ಹಾಗಿತ್ತಂತೆ. ನೋಡೋಕಾಗ್ಲಿಲ್ಲ ಅಂದ."

ಮೇಲಕ್ಕೆ ಹತ್ತುತ್ತಿದ್ದ ಮುದುಕಿಯೊಬ್ಬಳಿಗೆ ದಾರಿ ಬಿಟ್ಟು ಇಬ್ಬರೂ ಗೋಡೆಗೊತ್ತಿ ನಿಂತರು. 

"ಅವೆರಡನ್ನೂ ವಾಪಸ್ ಕಳ್ಸು," ಎಂದರು ಮೇಸ್ತ್ರಿಯವರು, ಅವಳು ದಾಟಿದ ಮೇಲೆ. "ಒಂದೇ ಮಾಡ್ತೀನಿ. ಅವನೆಷ್ಟು ಉದ್ದ ಇದಾನೆ?"

"ಅವತ್ತು ನಮ್ಮನೇಲಿ ಎರಡು ಗಂಟೆ ಎದುರಿಗೇ ಕೂತಿದ್ನಲ್ಲಪ್ಪ. ನೀನೇ ಹೇಳು."

ರಸ್ತೆಯ ಆಚೆ ಬದಿಯಿಂದಲೇ ಕಿಟಕಿಯ ಅಳತೆ ಹೇಳುವ ಮನುಷ್ಯ ನೆನಪಿಸಿಕೊಳ್ಳಲು ನೋಡಿದರು. ಮನೆಯೊಳಗೆ ಹಾಕಿಕೊಳ್ಳುವ ನೀಲಿ ಚಪ್ಪಲಿ ನೆನಪಾಯಿತು, ಹೆಬ್ಬೆರಳಿಗೆ ಮೆತ್ತಿದ್ದ ಬಣ್ಣ ನೆನಪಾಯಿತು. ಅದಕ್ಕಿಂತ ಮೇಲೆ ಏನೂ ಇರಲಿಲ್ಲ.

"ಗೊತ್ತಿಲ್ಲ," ಎಂದರು.

"ಹಾಗಾದ್ರೆ ನೀನೇ ಬಂದು ನೋಡು," ಎಂದ ಮಗ. ಮುಂದಿನ ಮೆಟ್ಟಿಲಿಗೆ ಇಳಿದ.