ಕುಂಟೆ ಮುಟ್ಟದ ನೆಲ

ಎತ್ತುಗಳಿಗೆ ಈಗ ಹೇಳಬೇಕಾಗಿರಲಿಲ್ಲ. ಹೊಲದ ನಡುವಿನ ಆ ಹಸಿರು ತುಂಡು ಹತ್ತಿರವಾದ ಕೂಡಲೇ ತಾವಾಗಿಯೇ ಬಲಕ್ಕೆ ಹೊರಳಿ, ಸುತ್ತು ಹಾಕಿ, ಮತ್ತೆ ಸಾಲು ಹಿಡಿಯುತ್ತಿದ್ದವು. ಇಬ್ಬರು ಎದುರುಬದುರು ಉಣ್ಣಲು ಕೂರುವಷ್ಟು ಜಾಗ. ಮೂರು ವರ್ಷದಿಂದ ದೇವಿಂದ್ರಪ್ಪನ ಕುಂಟೆ ಅದನ್ನು ಮುಟ್ಟಿರಲಿಲ್ಲ. ಮಿರಗದ ಮಳೆ ಬಿದ್ದು ಕಮಲಾಪುರದ ಎರೆಹೊಲಗಳೆಲ್ಲ ಮೆತ್ತಗಾಗಿದ್ದವು. ಆ ಮಧ್ಯಾಹ್ನ ಎಂದಿನಂತೆ ಸುತ್ತು ಮುಗಿಸಿ ಅವನು ತಲೆ ಎತ್ತಿದರೆ, ಬದುವಿನ ಮೇಲೆ ಇಕ್ಬಾಲ್ ಬೇಗಂ ನಿಂತಿದ್ದಳು.

ಹೊಲ ಅವಳ ಗಂಡ ಇನಾಯತನದು, ಪಕ್ಕದ್ದು ದೇವಿಂದ್ರಪ್ಪನದು. ಇಪ್ಪತ್ತು ವರ್ಷ ಅದೇ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ ಗೆಳೆಯರು. ಮೂರು ವರ್ಷದ ಹಿಂದೆ ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ವಾರ, ಅವನ ಪರ ಹಾವಳಿ ಮಾಡಿದ್ದ ರಜಾಕಾರರ ಮೇಲಿನ ಸಿಟ್ಟನ್ನು ಕೈಗೆ ಸಿಕ್ಕವರ ಮೇಲೆ ತೀರಿಸಿಕೊಳ್ಳುತ್ತ ಬಂದ ಗುಂಪೊಂದು ಇನಾಯತನನ್ನು ಇಲ್ಲೇ ಹಿಡಿಯಿತು. ರಜಾಕಾರರ ನೆರಳಿಗೂ ಹೋದವನಲ್ಲ ಅವನು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕಾಲವದು. ದೇವಿಂದ್ರಪ್ಪ ಎದೆಮಟ್ಟದ ತೊಗರಿಯೊಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಎದ್ದು ನಿಲ್ಲಲಿಲ್ಲ. ಗುಂಪು ಹೋದ ಮೇಲೆ ಬಂದು, ಗುಂಡಿ ತೋಡಿ, ಒಬ್ಬನೇ ಮಣ್ಣು ಮಾಡಿದ. ಕಲಬುರಗಿಯಲ್ಲಿ ತವರಿನಲ್ಲಿದ್ದ ಬೇಗಂ ಕೇಳಿಕಳಿಸಿದಾಗ, ಹೈದರಾಬಾದಿನ ಲಾರಿ ಹತ್ತಿ ಹೋದನೆಂದು ಹೇಳಿಸಿದ. ಅಂದು ಅದು ಕರುಣೆ ಎನ್ನಿಸಿತ್ತು. ಅರ್ಧ ಹೆದರಿಕೆಯೂ ಇತ್ತೆನ್ನುವುದು ಅವನಿಗೆ ಗೊತ್ತಿತ್ತು.

ವರ್ಷ ವರ್ಷವೂ ಈ ಹೊಲದ ತೊಗರಿ ಅವಳ ಮನೆಗೆ ತಪ್ಪದೆ ಮುಟ್ಟುತ್ತಿತ್ತು. ಅದಕ್ಕೇ ಬಂದಿರಬೇಕೆಂದು ಅವನು ಎತ್ತು ನಿಲ್ಲಿಸಿ ಬದುವಿಗೆ ಹೋದ. ಅವಳು ಬಂದದ್ದು ಬೇರೆ ಮಾತಿಗೆ. ತನ್ನ ಒಡಹುಟ್ಟಿದ ಅಣ್ಣ ಖಾಜಾ ಕರಾಚಿಗೆ ಹೊರಟಿದ್ದಾನೆ, ಕಾಗದಪತ್ರವೆಲ್ಲ ಆಗಿದೆ, ತಾನೂ ಮಗಳೂ ಜೊತೆಗೆ ಹೋಗುತ್ತೇವೆ, ಹೊಲ ನೀವೇ ಮಾಡಿಕೊಳ್ಳಿ ಎಂದಳು. ಕೈತುಂಬ ಹಸಿರು ಬಳೆ, ಕೊರಳಲ್ಲಿ ಕರಿಮಣಿ ಹಾಗೇ ಇದ್ದವು.

"ಅಲ್ಲಿ ಒಬ್ಬಾವ ಥೇಟ್ ಅವರಂಗೇ ಇದ್ದಾನಂತ, ಅಣ್ಣ. ಹುಡುಕ್ಕೊಂತ ಹೋಗ್ತೀನಿ."

ದೇವಿಂದ್ರಪ್ಪನಿಗೆ ಮುಂದಿನದು ಕಣ್ಣಿಗೆ ಕಟ್ಟಿತು. ಇವಳು ಇಲ್ಲದವನನ್ನು ಹುಡುಕುತ್ತ ಕಾಣದ ದೇಶದ ಬೀದಿಗಳಲ್ಲಿ ಮುದುಕಿಯಾಗುತ್ತಾಳೆ. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳುವಂತಿಲ್ಲ.

ಬೇಗಂಳ ಕಣ್ಣು ಅಷ್ಟರಲ್ಲಿ ಆ ತುಂಡಿನ ಮೇಲೆ ಬಿದ್ದಿತ್ತು. ಗೇಣು ನೆಲ ಬೀಳುಬಿಟ್ಟರೂ ಇನಾಯತ್ ಒಪ್ಪುತ್ತಿರಲಿಲ್ಲ, ಇದನ್ನೇಕೆ ಬಿಟ್ಟಿರಿ ಎಂದು ಕೇಳಿದಳು. ಅವನು ಅವಳ ಮುಖ ನೋಡದೆ ಹುಲ್ಲು ನೋಡುತ್ತ ಮಾತಾಡಿದ.

"ಮೊದಲನೇ ವರ್ಷ ಬರೇ ಹುಲ್ಲು ಬಂತ್ರಿ ಭಾಬಿ. ಸುತ್ತ ಎಲ್ಲ ಒಣಗಿದ್ರೂ ಇದೊಂದೇ ಹಚ್ಚಗಿತ್ತು. ಮರುವರ್ಷ ತುಂಬಿ ಗಿಡ, ಉತ್ತರಾಣಿ ಎದ್ವು. ಹೂವಿಗಿ ಹುಳ ಬಂದ್ವು, ಹುಳಕ್ಕ ಹಕ್ಕಿ ಬಂದ್ವು. ಹಕ್ಕಿ ಹಿಕ್ಕಿಯೊಳಗ ಬೇವಿನ ಬೀಜ ಬಿತ್ತು. ನೋಡ್ರಿ, ಮೊಣಕಾಲಮಟ ಆಗ್ಯಾದ."

ಅವನ ಹೆಂಡತಿ ಶಿವಕಾಂತಮ್ಮನಿಗೂ ಈ ಹಸಿರು ಬಗೆಹರಿದಿರಲಿಲ್ಲ. ಒಮ್ಮೆ ಆಡು ಹಗ್ಗ ಹರಿದುಕೊಂಡು ಬಂದು ಇಲ್ಲಿ ಹೊಟ್ಟೆತುಂಬ ಮೇಯ್ದಿತ್ತು. ಆ ಸಂಜೆ ಅವಳು ಕಾಸಿಕೊಟ್ಟ ಅದರ ಹಾಲನ್ನು ಅವನು ಮುಟ್ಟಲಿಲ್ಲ. ಹೊಟ್ಟೆ ಕೆಟ್ಟಿದೆಯೆಂದು ಹೇಳಿ ಎದ್ದುಹೋಗಿದ್ದ.

"ಇದೊಂದೇ ಯಾಕ ಹಚ್ಚಗಿತ್ತು?" ಎಂದಳು ಬೇಗಂ.

ಒಕ್ಕಲುಮನೆಯ ಹೆಣ್ಣಿಗೆ ನೆಲ ಏನುಂಡು ಹಸಿರಾಗುತ್ತದೆಂದು ಬಿಡಿಸಿ ಹೇಳಬೇಕೆ? ಅವಳು ಬದುವಿನಿಂದಿಳಿದು, ಕೆಸರಲ್ಲಿ ಚಪ್ಪಲಿ ಬಿಟ್ಟು, ತುಂಡಿನ ಅಂಚಿಗೆ ಹೋದಳು. ಈ ತುದಿಯಿಂದ ಆ ತುದಿಗೆ ಹೆಜ್ಜೆಯಿಟ್ಟು ಅಳೆದಳು. ಮತ್ತೊಮ್ಮೆ ಅಳೆದಳು. ತಿರುಗಿದಾಗ ಅವಳ ದನಿಯಲ್ಲಿ ಬೇಡುವಂಥ ಆಸೆಯಿತ್ತು.

"ಇಷ್ಟೇ ಅದ, ಅಣ್ಣ. ಅವರು ಎಷ್ಟು ಎತ್ತರ ಇದ್ರು. ಇದರಾಗ ಹಿಡಿಯಂಗಿಲ್ಲ."

ಮೂರು ವರ್ಷ ಅವನ ಬಾಯಿ ಕಟ್ಟಿದ್ದ ನಾಚಿಕೆಯೂ ಅದೇ ಆಗಿತ್ತು. ಖಬರಸ್ತಾನದ ಬಾಗಿಲತನಕ ಹೆಗಲು ಕೊಟ್ಟವನೇ ಹೊರತು ಒಳಗೇನು ಮಾಡುತ್ತಾರೆಂದು ಅವನು ಕಂಡವನಲ್ಲ. ಗಾಬರಿಯಲ್ಲಿ ಲಿಂಗಾಯತನ ಕೈ ತನಗೆ ಗೊತ್ತಿದ್ದನ್ನೇ ಮಾಡಿತ್ತು.

"ಕೂಡಿಸೀನ್ರಿ," ಎಂದ. "ನಮ್ಮಪ್ಪಗ ಮಾಡಿದಂಗ ಕೂಡಿಸೀನಿ. ನಿಮ್ಮ ಮಂದ್ಯಾಗ ಮಲಗಸ್ತಾರಂತ ಆಮ್ಯಾಲೆ ತಿಳೀತು. ಮತ್ತ ಅಗಿಯೋ ಧೈರ್ಯ ಆಗ್ಲಿಲ್ಲ. ಅವತ್ತ ನಾ ಇಲ್ಲೇ ತೊಗರ್ಯಾಗ ಇದ್ದೆ, ಭಾಬಿ. ಎದ್ದು ಬರ್ಲಿಲ್ಲ."

ಅವಳು ಅಳಲಿಲ್ಲ, ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಮೂರು ವರ್ಷ ಈ ಹೊಲದ ಬ್ಯಾಳಿ ಉಂಡೀನಿ," ಎಂದಳು ತನಗೇ ಹೇಳಿಕೊಂಡಂತೆ. ಆಮೇಲೆ ಕೇಳಿದಳು: "ಅವರ ಮಾರಿ ಯಾ ಕಡಿ ಅದ?"

"ಹೊತ್ತು ಮುಳುಗೋ ಕಡಿ ಮುಖ ಮಾಡೀನಿ. ನಮಾಜಿಗಿ ಹಂಗೇ ಕೂಡ್ತಿದ್ದ. ಅಷ್ಟೊಂದು ನೆನಪಿತ್ತು."

ಬೇಗಂ ತಲೆಯಾಡಿಸಿದಳು. ಹುಲ್ಲು ತುಳಿಯದಂತೆ ಸುತ್ತು ಹಾಕಿ, ಪಡುವಣದ ಅಂಚಿಗೆ ಬಂದು, ಬೇವಿನ ಸಸಿಗೆ ಎದುರಾಗಿ ಕೂತಳು. ಬಳೆಗಳನ್ನು ಒಂದೊಂದಾಗಿ ಕಳಚಿ ಮಡಿಲಲ್ಲಿ ಇಟ್ಟುಕೊಂಡಳು. ದೇವಿಂದ್ರಪ್ಪನಿಗೆ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಎತ್ತಿನ ಕೊರಳಿನ ನೊಗ ಬಿಚ್ಚಿ ಅಲ್ಲೇ ನಿಂತ.

ರಸ್ತೆಯಲ್ಲಿ ಕಲಬುರಗಿಯ ಕಡೆಯ ಬಸ್ಸು ಬಂದು, ಹಾರ್ನು ಹೊಡೆದು, ಹೋಯಿತು. ಅವಳು ಏಳಲಿಲ್ಲ. ಹೊತ್ತು ಅವಳ ಬೆನ್ನ ಹಿಂದೆ ಇಳಿಯುತ್ತಿತ್ತು. ಅವಳ ನೆರಳು ಹುಲ್ಲಿನ ಮೇಲೆ ಉದ್ದವಾಗುತ್ತ, ಸಸಿಯ ಬುಡ ದಾಟಿ, ಆ ಸಣ್ಣ ತುಂಡನ್ನೆಲ್ಲ ಮೆಲ್ಲಗೆ ಮುಚ್ಚಿತು.