ಎರಡು-ಎಂಟರ ಬಳೆ

ಹುಳಿ ಬರಿಸಿ ಒಣಗಿಸಿದ ಸಾಸಿವೆ ಸೊಪ್ಪಿನ ವಾಸನೆ. ಬಾಲ್ಯವೆಂದರೆ ಬಿಪನಾಳ ಮೂಗಿಗೆ ಮೊದಲು ಬರುವುದು ಅದೇ. ನೇಪಾಳದಿಂದ ಯಾರಾದರೂ ಬಂದರೆ ಅವಳ ತಾಯಿ ಧನಮಾಯಾಳಿಗೆ ಆ ಸೊಪ್ಪಿನದೊಂದು ಡಬ್ಬಿ ತಂದುಕೊಡುತ್ತಿದ್ದರು. ಶಹಾಪುರದ ಆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಶಾಲೆಯ ಲಂಗಕ್ಕೂ ವಾಸನೆ ಹತ್ತಿಕೊಳ್ಳುತ್ತಿತ್ತು. ತರಗತಿಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡರೆ ಬಿಪನಾ ತಾನೂ ಮುಚ್ಚಿಕೊಂಡು, ಯಾರದಿದು ಎಂಬಂತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು.

ಅವಳು ಹುಟ್ಟಿದ್ದು ಶಹಾಪುರದಲ್ಲೇ. ತಂದೆ ಟೇಕಬಹಾದೂರ ಬಸ್‌ಸ್ಟ್ಯಾಂಡಿನ ಎದುರು ಬಂಡಿ ಹಚ್ಚಿ ಗೋಬಿ ಮಂಚೂರಿ, ಎಗ್‌ರೈಸ್ ಮಾಡಿ ಮಾರುತ್ತಿದ್ದ. ಮನೆಯೊಳಗೆ ನೇಪಾಳಿ, ಓಣಿಯ ಆಟಕ್ಕೆ ದಖನಿ ಉರ್ದು, ಶಾಲೆಗೆ ಕನ್ನಡ. ಮೂರರಲ್ಲೂ ಅವಳು ಜಗಳವಾಡಬಲ್ಲಳು. ಆದರೂ ಹೊಸಬರು ಅವಳ ಮುಖ ನೋಡಿದ ಕೂಡಲೇ ಯಾವೂರು ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪನ ಊರಿಗೆ ಹೋದಾಗ ಅಲ್ಲಿನ ಮಕ್ಕಳು ಇಂಡಿಯಾದವಳು ಬಂದಳು ಎಂದು ಅವಳ ನೇಪಾಳಿಯನ್ನು ಅಣಕಿಸಿ ನಕ್ಕಿದ್ದರು. ಅಂದಿನಿಂದ ಜನರ ಮಾತಿಗಿಂತ ಅವರು ಮಾಡುವುದನ್ನು ನೋಡಿ ಅರ್ಥ ಮಾಡಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಅಲ್ಲಿ ಯಾವುದಕ್ಕೆ ಏನರ್ಥ, ಇಲ್ಲಿ ಯಾವುದಕ್ಕೆ ಏನರ್ಥ, ಎಲ್ಲ ಅವಳಿಗೆ ಬಾಯಿಪಾಠ.

ಹೀಗಾಗಿ, ಪಿಯುಸಿ ಎರಡನೇ ವರ್ಷದ ಪರೀಕ್ಷೆಗೆ ಐದು ವಾರ ಇರುವಾಗ ಮನೆಯಲ್ಲಿ ಏನೋ ನಡೆಯುತ್ತಿರುವುದು ಅವಳ ಕಣ್ಣು ತಪ್ಪಲಿಲ್ಲ.

ರಸ್ತೆ ಅಗಲ ಮಾಡಲು ದೀಪಾವಳಿಯ ಹೊತ್ತಿಗೇ ಬಂಡಿಗಳನ್ನೆಲ್ಲ ತೆಗೆಸಿದ್ದರು. ಅಪ್ಪ ಸುರಪುರದಲ್ಲಿ ಒಂದು ತಿಂಗಳು ಬಂಡಿ ಹಚ್ಚಿ ನೋಡಿ, ವ್ಯಾಪಾರ ಕುದುರದೆ ಮನೆ ಸೇರಿದ್ದ. ಈಗ ಬಿಪನಾ ಒಳಗೆ ಕಾಲಿಟ್ಟರೆ ತಂದೆತಾಯಿಯ ಮಾತು ನಿಲ್ಲುತ್ತಿತ್ತು. ಟ್ರಂಕಿನ ತಳದಲ್ಲಿ ಹೊಸ ಕೆಂಪು ಸೀರೆ ಕಂಡಿತು. ಅದರ ಮಡಿಕೆಯೊಳಗೆ ಹಸಿರು ಮಣಿಯ ಸರ. ನೇಪಾಳದಲ್ಲಿ ಮದುವೆಯಾದ ಹೆಂಗಸರು ಕೊರಳಿಗೆ ಹಾಕುವಂಥದು. ಮರುವಾರ ಅಪ್ಪ ಯಾದಗಿರಿಯ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಮೂವರದೊಂದು ಫೋಟೋ, ಆಮೇಲೆ ಅವಳೊಬ್ಬಳದೇ ಒಂದು ಫೋಟೋ ತೆಗೆಸಿದ. ಯಾಕೆ ಎಂದು ಕೇಳಿದರೆ ಸುಮ್ಮನೆ ಎಂದ. ದೊಡ್ಡಪ್ಪನ ಮಗಳು ಕಮಲಾಳ ಮದುವೆ ಗೊತ್ತಾದದ್ದು ಇಂಥದೇ ಫೋಟೋದಿಂದ. ಆಗ ಅವಳಿಗೆ ಹದಿನೇಳು. ಬಿಪನಾಳಿಗೂ ಈಗ ಹದಿನೇಳು.

ಆಮೇಲೆ ಒಂದು ಮುಂಜಾನೆ ಮನೆಯ ಮಾಲಕಿ ಭಾಗಮ್ಮ ಬಳೆಗಾರ್ತಿ ಚಾಂದಬೀಗೆ ಫೋನಿನಲ್ಲಿ ಎರಡು ಡಜನ್ ಹಸಿರು ಬಳೆ ಹೇಳಿದ್ದು ಅವಳ ಕಿವಿಗೆ ಬಿತ್ತು. ಕಟ್ಟೆಯ ಮೇಲೆ ಆಗಲೇ ಕುಪ್ಪಸದ ಬಟ್ಟೆ, ತೆಂಗಿನಕಾಯಿ, ಅರಿಶಿಣದ ಕೊಂಬು ತೆಗೆದಿಟ್ಟಿದ್ದವು. ಗಂಡನ ಮನೆಗೆ ಹೊರಟ ಹೆಣ್ಣಿಗೆ ಉಡಿ ತುಂಬುವ ಸಾಮಾನು. ಆ ಕಡೆಯ ಗುರುತು, ಈ ಕಡೆಯ ಗುರುತು ಎರಡೂ ತನ್ನ ಕಡೆಗೇ ಬೆರಳು ಮಾಡಿದಂತಾಯಿತು ಅವಳಿಗೆ.

"ಯಾರಿಗ್ರಿ ಆಯಿ, ಬಳಿ?" ಎಂದು ಕೇಳಿದಳು.

"ದೊಡ್ಡೋರ ಕೆಲಸ ಅದ. ನೀ ಹೋಗಿ ಓದ್ಕೊ," ಎಂದು ಭಾಗಮ್ಮ ಅವಳ ಮುಖ ನೋಡದೆ ಒಳಗೆ ಹೋದಳು.

ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಕುಳಿತಿದ್ದ ಆಯಿ. ಈಕೆಯೂ ಅವರ ಕಡೆಗೇ ಸೇರಿದಳೇ? ಬಿಪನಾ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದುಪಟ್ಟಾದಡಿ ಅವಚಿಕೊಂಡು ನೇರ ಬಳೆ ಅಂಗಡಿಗೆ ನಡೆದಳು.

"ಇದು ನಿಮ್ಮ ಹತ್ರ ಇರ್ಲಿ, ಖಾಲಾ. ಅವರು ನಂಗ ಮದಿವಿ ಮಾಡಾಕ ಎಳಕೊಂಡು ಹೊಂಟಾರ. ಹೋದ್ರೂ ಪರೀಕ್ಷಾಕ್ಕ ಓಡಿ ಬರ್ತೀನಿ."

ಚಾಂದಬೀ ನಗಲಿಲ್ಲ. ಅವಳ ಕೈ ಹಿಡಿದು, ಬೆರಳ ಗೆಣ್ಣುಗಳನ್ನು ಒಟ್ಟಿಗೆ ಒತ್ತಿ, ಭಾಗಮ್ಮನಿಗೆಂದು ಕಟ್ಟಿಟ್ಟ ಹಸಿರು ಬಳೆಯ ಗಂಟು ಬಿಚ್ಚಿ ಒಂದನ್ನು ತೊಡಿಸಿದಳು. ಬಳೆ ಎಲ್ಲೂ ನಿಲ್ಲದೆ ಮೊಣಕೈವರೆಗೆ ಜಾರಿತು.

"ನಿನ್ನ ಬಳಿ ಅಳತಿ ಎರಡು-ನಾಕು, ಬೇಟಿ. ಭಾಗಮ್ಮ ಹೇಳಿದ್ದು ಎರಡು-ಎಂಟು. ಇದು ನಿಮ್ಮವ್ವನ ಕೈ. ಹದಿನೈದು ವರ್ಷದಿಂದ ನಾನೇ ತೊಡಸಾಕತ್ತೀನಿ, ನಂಗ ಗೊತ್ತಾಗಂಗಿಲ್ಲೇನು?"

ಕವರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಅವಳ ಕೈಗೇ ಮರಳಿ ಇಟ್ಟು, ಚಾಂದಬೀ ಬಳೆಯ ಗಂಟು ಹಿಡಿದು, ಅಂಗಡಿಯ ಬಾಗಿಲು ಎಳೆದು ತಾನೂ ಜೊತೆಗೆ ಹೊರಟಳು.

ಭಾಗಮ್ಮನ ಪಡಸಾಲೆಯಲ್ಲಿ ತಾಯಿ ಆ ಕೆಂಪು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಕೊರಳಲ್ಲಿ ಹಸಿರು ಮಣಿಯ ಸರ. ಕಣ್ಣು ಊದಿದ್ದವು. ಬಾಗಿಲಲ್ಲಿ ನಿಂತ ಮಗಳನ್ನು ಕಂಡು ತಲೆ ತಗ್ಗಿಸಿದಳು. ಮಾತು ತೆಗೆದವಳು ಭಾಗಮ್ಮ.

"ನಿಮ್ಮವ್ವ ಗಂಡನ ಊರಿಗಿ ಹೊಂಟಾಳ. ಆಕಿಗಿ ಇಲ್ಲಿ ತವರಮನಿ ಅಂತ ಬ್ಯಾರೆ ಯಾರದಾರ? ಉಡಿ ನಾ ತುಂಬಬೇಕು."

ನೇಪಾಳದ ಬುಟವಲ್ ಪೇಟೆಯಲ್ಲಿ ದೊಡ್ಡಪ್ಪ ಹೋಟೆಲು ತೆರೆದು ಅಪ್ಪನನ್ನು ಕರೆಸಿಕೊಳ್ಳುತ್ತಿದ್ದ. ಗುರುವಾರದ ರೈಲು. ಬಿಪನಾ ಗೋಡೆಗೊರಗಿ ನಿಂತಿದ್ದ ಅಪ್ಪನ ಕಡೆ ತಿರುಗಿ ಎಷ್ಟು ಟಿಕೀಟು ಎಂದು ನೇಪಾಳಿಯಲ್ಲಿ ಕೇಳಿದಳು. ಅವನು ನೆಲ ನೋಡುತ್ತ ಎರಡು ಎಂದ.

ತನ್ನದೂ ಒಂದು ಮೂರನೆಯ ಟಿಕೀಟು ಇರುತ್ತದೆಂದು, ಅದರ ಜೊತೆ ಜಗಳಕ್ಕೆಂದೇ ಅವಳು ಬಂದಿದ್ದಳು. ಅದು ಇರಲೇ ಇಲ್ಲ. ಬೇಕಾದದ್ದು ಕೈಗೆ ಬಂದಿತ್ತು, ಆದರೆ ಹೊರಟವರಲ್ಲಿ ತಾನಿರಲಿಲ್ಲ.

ಮೊದಲೇ ಹೇಳಿದ್ದರೆ ನೀನು ಪುಸ್ತಕ ಮುಟ್ಟುತ್ತಿರಲಿಲ್ಲ ಎಂದ ಅಪ್ಪ. ಪರೀಕ್ಷೆ ಮುಗಿಯುವವರೆಗೆ ಭಾಗಮ್ಮನ ಬಳಿ ಇರು, ಆಮೇಲೆ ಬರುವುದೂ ಬಾರದಿರುವುದೂ ನಿನ್ನ ಇಷ್ಟ ಎಂದ. ಒಬ್ಬಳದೇ ಫೋಟೋ ಯಾರಿಗೂ ಕಳಿಸಲಿಕ್ಕಲ್ಲ ಎಂದು ಜೇಬಿನಿಂದ ಪಾಕೀಟು ತೆಗೆದು ತೋರಿಸಿದ. ಅದರೊಳಗೆ ಅವಳಿದ್ದಳು.

ಅವಳು ನಂಬಿದಳು ಎನ್ನುವಂತಿಲ್ಲ. ಮೂರು ದಿನ ಅಪ್ಪನೊಡನೆ ಮಾತಾಡದೆ, ಅವರು ಏನೇನು ಕಟ್ಟುತ್ತಾರೆಂದು ಕಾಯುತ್ತ ಕುಳಿತಳು. ಹೊದಿಕೆ ಹೋಯಿತು, ದೇವರ ಫೋಟೋ ಹೋಯಿತು. ಬುಧವಾರ ಬಂಡಿಯ ದೊಡ್ಡ ಬಾಣಲೆಯನ್ನೂ ಗೋಣಿಚೀಲದಲ್ಲಿ ಸುತ್ತಿದರು. ತಿರುಗಿ ಬರುವವರು ಬಾಣಲೆ ಒಯ್ಯುವುದಿಲ್ಲ ಎಂದುಕೊಂಡಳು.

ಗುರುವಾರ ಮುಂಜಾನೆ ಯಾರೂ ಕರೆಯದೆ ಭಾಗಮ್ಮನ ಒಲೆಯ ಮುಂದೆ ಹೋಗಿ ಕುಳಿತಳು. ಅವಳು ಬಡಿದ ರೊಟ್ಟಿಯ ಅಂಚು ಹರಿಯುತ್ತಿತ್ತು. ಭಾಗಮ್ಮ ತಿದ್ದಲಿಲ್ಲ, ಉರಿ ಸಣ್ಣ ಮಾಡಿ, ಹಿಟ್ಟಿನ ಪರಾತವನ್ನು ಅವಳ ಹತ್ತಿರಕ್ಕೆ ಸರಿಸಿ ಎದ್ದು ಹೋದಳು.

ಯಾದಗಿರಿಯ ಪ್ಲಾಟ್‌ಫಾರ್ಮಿನಲ್ಲಿ ಮಧ್ಯಾಹ್ನದ ಬಿಸಿಲು. ತಾಯಿ ಕಿಟಕಿಯಿಂದ ಕೈ ಚಾಚಿ ಅವಳ ಕೂದಲು ಹಿಂದಕ್ಕೆ ಸರಿಸುತ್ತಲೇ ಇದ್ದಳು. ಅಪ್ಪ ಪಕ್ಕದಲ್ಲಿ ಕುಳಿತು ಬೋಗಿಯ ಫ್ಯಾನು ನೋಡುತ್ತಿದ್ದ. ರೈಲು ಕೂಗಿದಾಗ ಬಿಪನಾ ಚೀಲದಿಂದ ಬಿಳಿ ಬಟ್ಟೆಯ ಗಂಟು ತೆಗೆದಳು. ತಾನೇ ಬಡಿದ ಐದು ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಕಿಟಕಿಯ ಸರಳುಗಳ ನಡುವೆ ಅದು ಹೋಗಲಿಲ್ಲ. ಅವಳು ಬಾಗಿಲಿಗೆ ಓಡಿದಳು. ಅಪ್ಪನೂ ಎದ್ದು ಬಂದ. ಬುತ್ತಿಯನ್ನು ಅವನ ಎರಡೂ ಕೈಯೊಳಗೆ ಇಟ್ಟಳು.